2 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಹಾಕಲಿ?

ಪ್ರಶ್ನೆ: 2 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪ್ ಇದೆ. ಹಗುರವಾದ ಲಿನಕ್ಸ್ ಹಾಕಿದರೆ ಸರಾಗವಾಗಿ ಓಡುತ್ತದಾ?

ಉತ್ತರ: ಓಡುತ್ತದೆ. ಆದರೆ ಡೆಸ್ಕ್‌ಟಾಪ್ ಹಗುರವಾಯಿತೆಂದು ಬ್ರೌಸರ್ ಹಗುರವಾಗುವುದಿಲ್ಲ. ಗ್ನೋಮ್ ಎಂಬ ಭಾರದ ಡೆಸ್ಕ್‌ಟಾಪ್ ಬಿಟ್ಟು ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರದ್ದನ್ನು ಹಾಕಿದರೆ ಕೆಲವು ನೂರು ಎಂಬಿ ಉಳಿಯುತ್ತದೆ. ನಾಲ್ಕು ಟ್ಯಾಬ್ ತೆರೆದರೆ ಆ ಉಳಿತಾಯ ಅಲ್ಲಿಗೇ ಮುಗಿಯಿತು.

ಪ್ರೊಸೆಸರ್ 64 ಬಿಟ್ ಆಗಿದ್ದರೆ ಡೆಬಿಯನ್ ಎಂಬ ಲಿನಕ್ಸ್‌ನ 13ನೇ ಆವೃತ್ತಿ ಹಾಕಿ. ಬರೀ 32 ಬಿಟ್ ಆದರೆ 13ಕ್ಕೆ ಇನ್‌ಸ್ಟಾಲರೇ ಇಲ್ಲ, 12ಕ್ಕೆ ಹೋಗಬೇಕು. ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಡಿ, ಆಗ ನಿಮ್ಮ ಖಾತೆಗೆ ಸುಡೋ (ಅಡ್ಮಿನ್ ಕೆಲಸ ಮಾಡುವ) ಅಧಿಕಾರ ತಾನಾಗಿ ಸಿಗುತ್ತದೆ. ಡೆಸ್ಕ್‌ಟಾಪ್ ಆರಿಸುವ ಪರದೆಯಲ್ಲಿ ಗ್ನೋಮ್‌ನ ಗುರುತು ತೆಗೆದು ಎಲ್‌ಎಕ್ಸ್‌ಕ್ಯೂಟಿಗೆ ಹಾಕಿ.

ಅಸಲು ಕೆಲಸ ಇನ್ನು ಮುಂದೆ. ರ‍್ಯಾಮ್ ತುಂಬಿದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಸದ್ಯಕ್ಕೆ ಬೇಡದ ಮಾಹಿತಿಯನ್ನು ಡಿಸ್ಕಿನಲ್ಲಿ ಅದಕ್ಕೆಂದೇ ಮೀಸಲಿಟ್ಟ ಜಾಗಕ್ಕೆ, ಅಂದರೆ ಸ್ವಾಪ್‌ಗೆ ತಳ್ಳುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಅದನ್ನು ಬರೆದು, ಮತ್ತೆ ಓದಿ ಕೊಡುವಷ್ಟರಲ್ಲಿ ಮೌಸ್ ಕೂಡ ನಿಂತುಬಿಡುತ್ತದೆ. ನಾವು 'ಹ್ಯಾಂಗ್ ಆಯಿತು' ಅನ್ನುವುದು ಬಹುಪಾಲು ಇದನ್ನೇ. ಜೆಡ್‌ರ‍್ಯಾಮ್ ಎಂಬ ಸೌಲಭ್ಯ ಅದೇ ಮಾಹಿತಿಯನ್ನು ಒತ್ತಿ ಕಿರಿದು ಮಾಡಿ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಪ್ರೊಸೆಸರಿಗೆ ತುಸು ಕೆಲಸ ಹೆಚ್ಚು, ಆದರೂ ಡಿಸ್ಕಿಗೆ ಹೋಲಿಸಿದರೆ ಎಷ್ಟೋ ಪಾಲು ವೇಗ. ಜೆಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ 'ಪರ್ಸೆಂಟ್' ಸಾಲಿನ ಮುಂದಿರುವ # ಅಳಿಸಿ 50 ಎಂದು ಕೊಟ್ಟು, ರೀಸ್ಟಾರ್ಟ್ ಮಾಡಿ. ಅಂದರೆ ಸುಮಾರು 1 ಜಿಬಿ ಜೆಡ್‌ರ‍್ಯಾಮ್ ಸ್ವಾಪ್. ಡಿಸ್ಕಿನ ಸ್ವಾಪ್ ತೆಗೆಯಬೇಡಿ, ಜೆಡ್‌ರ‍್ಯಾಮ್ ತುಂಬಿದ ಮೇಲೆ ಅದೇ ಆಸರೆ.

ಸ್ವಾಪಿನೆಸ್ (ಕರ್ನಲ್ ಎಷ್ಟು ಬೇಗ ಸ್ವಾಪ್‌ಗೆ ಕೈ ಹಾಕಬೇಕೆಂಬ ಸೆಟ್ಟಿಂಗ್) 10ಕ್ಕೆ ಇಳಿಸಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಅದು ಸ್ವಾಪ್ ಡಿಸ್ಕಿನಲ್ಲಿದ್ದಾಗಿನ ಮಾತು. ಜೆಡ್‌ರ‍್ಯಾಮ್ ಇದ್ದರೆ ಉಲ್ಟಾ, 100ಕ್ಕೆ ಏರಿಸಿ.

ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಹಾಕಿದರೆ ಜಾಹೀರಾತಿನ ಭಾರ ಇಳಿಯುತ್ತದೆ. ಯೂಟ್ಯೂಬ್ ತಡವರಿಸಿದರೆ ಅದು ರ‍್ಯಾಮ್ ತೊಂದರೆಯೇ ಆಗಿರಬೇಕೆಂದಿಲ್ಲ: ಹಳೇ ಗ್ರಾಫಿಕ್ಸ್ ಚಿಪ್‌ಗಳಿಗೆ ಯೂಟ್ಯೂಬ್ ಬಳಸುವ ವಿಪಿ9, ಎವಿ1 ಮಾದರಿಯ ವಿಡಿಯೋ ಬಿಡಿಸಲು ಬರುವುದಿಲ್ಲ, ಭಾರವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎಚ್264ಇಫೈ ಆಡ್-ಆನ್ ಹಾಕಿ ನೋಡಿ, ಅದು ಹಳೇ ಚಿಪ್‌ಗೂ ಬಿಡಿಸಲು ಬರುವ ಎಚ್264 ಮಾದರಿಯ ವಿಡಿಯೋವನ್ನೇ ತರಿಸುತ್ತದೆ.

ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಸಾಕು, ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೂ ಇದೆ.

ದುಡ್ಡು ಹಾಕುವಂತಿದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ರ‍್ಯಾಮ್ ಕೊಳ್ಳುವ ಮುನ್ನ ಈಗಿರುವ ಸ್ಟಿಕ್ ತೆಗೆದು ಲೇಬಲ್ ಓದಿ: 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಒಪ್ಪುವ ಬೋರ್ಡಿಗೆ 1.5 ವೋಲ್ಟಿನ ಡಿಡಿಆರ್3 ಹಾಕಿದರೆ ಲ್ಯಾಪ್‌ಟಾಪ್ ಬೂಟ್ ಆಗುವುದೇ ಇಲ್ಲ.