ಲೋ-ಅಲಾಯ್ ಸ್ಟೀಲ್: ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ?

ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿಸಲು ಶುರು ಮಾಡಿದರು. ಮುಂದೆ ಅದೇ ಕಾರ್ಖಾನೆ ಮಿಶ್ರ ಉಕ್ಕಿಗೆ ಹೆಸರಾಯಿತು. ನಮ್ಮ ಶಿವಮೊಗ್ಗ ಕಡೆಯವರಿಗೆ ಈ ಪಾಠ ಹೊಸದಲ್ಲ ಬಿಡಿ. ಆದರೂ ಪರೀಕ್ಷೆಯಲ್ಲಿ 'ಕ್ರೋಮಿಯಂ ಹಾಕಿದರೆ ಉಕ್ಕು ಗಟ್ಟಿಯಾಗುತ್ತದೆ' ಎಂದು ಬರೆದು ಸುಮ್ನೆ ಮುಂದಕ್ಕೆ ಹೋಗುವವರೇ ಜಾಸ್ತಿ. ಅದು ಅರ್ಧ ಉತ್ತರ ಅಷ್ಟೇ.

ಇಂಗಾಲ ಬಿಟ್ಟು ಕ್ರೋಮಿಯಂ, ನಿಕಲ್, ಮಾಲಿಬ್ಡಿನಂ, ವೆನೇಡಿಯಂ ಇತ್ಯಾದಿ ಎಲ್ಲ ಸೇರಿ ಸುಮಾರು ಶೇ. 5 ದಾಟದಿದ್ದರೆ ಅದು ಲೋ-ಅಲಾಯ್ ಸ್ಟೀಲ್. ಕೆಲವು ಪುಸ್ತಕಗಳು ಶೇ. 8ರವರೆಗೂ ಒಪ್ಪುತ್ತವೆ.

ಈಗ ಮುಖ್ಯ ವಿಷಯ. ಉಕ್ಕು ಹೆಚ್ಚೆಂದರೆ ಎಷ್ಟು ಗಡಸಾಗಬಹುದು ಎಂಬುದು ಇಂಗಾಲದ ಕೈಯಲ್ಲಿದೆ. ಆ ಗಡಸುತನವನ್ನು ಆಳಕ್ಕೆ ಇಳಿಸುವುದು ಮಿಶ್ರಧಾತುಗಳ ಕೆಲಸ. ಉಕ್ಕಿನ ಎರಡು ಗ್ರೇಡು ತೆಗೆದುಕೊಳ್ಳಿ: ಇಎನ್8 (ಸಾದಾ ಇಂಗಾಲದ ಉಕ್ಕು), ಇಎನ್19 (ಲೋ-ಅಲಾಯ್). ಎರಡರಲ್ಲೂ ಇಂಗಾಲ ಶೇ. 0.4ರ ಆಸುಪಾಸು. ಎರಡರಲ್ಲೂ 60 ಮಿ.ಮೀ. ಶಾಫ್ಟ್ ಮಾಡಿ, ಕಾಯಿಸಿ ಅದ್ದಿ, ಅಡ್ಡಕ್ಕೆ ಕೊಯ್ದು ನೋಡಿ. ಇಎನ್8 ಅನ್ನು ನೀರಿಗೆ ಅದ್ದಿದರೂ ಮೇಲ್ಪದರ ಮಾತ್ರ ಗಡಸು, ನಡುವೆ ಮೆತ್ತಗೆ. ಇಎನ್19ರಲ್ಲಿ ಸುಮಾರು ಶೇ. 1 ಕ್ರೋಮಿಯಂ, ಜೊತೆಗೆ ಚೂರು ಮಾಲಿಬ್ಡಿನಂ ಇದೆ. ಇವು ಮೆತ್ತನೆಯ ಪರ್ಲೈಟ್ ಹುಟ್ಟುವುದನ್ನು ತಡಮಾಡುತ್ತವೆ. ಹಾಗಾಗಿ ನಿಧಾನಕ್ಕೆ ತಣ್ಣಗಾಗುವ ಒಳಭಾಗವೂ ಗಡಸಾಗಲು ಸಮಯ ಸಿಗುತ್ತದೆ. ಅದ್ದಲು ಎಣ್ಣೆಯೇ ಸಾಕು, ಬಿರುಕು, ಸೊಟ್ಟ ಆಗುವುದು ಕಡಿಮೆ. ಆಮೇಲೆ ಟೆಂಪರ್ (ಮತ್ತೆ ಹದವಾಗಿ ಕಾಯಿಸುವುದು) ಮಾಡಲೇಬೇಕು, ಇಲ್ಲದಿದ್ದರೆ ಪಟ್ಟನೆ ಮುರಿಯುತ್ತದೆ. ಈ ಶಾಖ ಸಂಸ್ಕಾರವನ್ನೇ ಮಾಡಿಸದವರು ಇಎನ್19ಕ್ಕೆ ಜಾಸ್ತಿ ದುಡ್ಡು ಕೊಡುವುದು ದಂಡ.

ಉಪಯೋಗ: ಹೊಡೆತ ತಿನ್ನುವ ಗೇರು, ಶಾಫ್ಟುಗಳಿಗೆ ನಿಕಲ್ ಇರುವ ಇಎನ್24. ಬೇರಿಂಗ್‌ಗೆ ಇಎನ್31. ಬಾಯ್ಲರ್ ಪೈಪಿಗೆ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕು.

ಒಂದು ಎಚ್ಚರ. ಶಾಫ್ಟ್ ಲೋಡಿಗೆ ಜಾಸ್ತಿ ಬಳುಕುತ್ತಿದ್ದರೆ ದಪ್ಪ ಹೆಚ್ಚಿಸಿ, ಗ್ರೇಡ್ ಬದಲಿಸಿ ಪ್ರಯೋಜನವಿಲ್ಲ. ಬಳುಕದೆ ನಿಲ್ಲುವ ಗುಣದ ಅಳತೆಯಾದ ಯಂಗ್ಸ್ ಮಾಡ್ಯುಲಸ್ ಈ ಉಕ್ಕುಗಳೆಲ್ಲದರಲ್ಲೂ ಸುಮಾರು 200-210 ಗಿಗಾಪ್ಯಾಸ್ಕಲ್ಲೇ.

ಇನ್ನು ನಮ್ಮ ಮಳೆ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಶೇ. 10.5 ಕ್ರೋಮಿಯಂ ಬೇಕು, ಲೋ-ಅಲಾಯ್ ಉಕ್ಕಿನಲ್ಲಿ ಅಷ್ಟೆಲ್ಲಿದೆ? ತುಕ್ಕು ಹಿಡಿದೇ ಹಿಡಿಯುತ್ತದೆ. ತಾಮ್ರ ಬೆರೆಸಿದ ವೆದರಿಂಗ್ ಸ್ಟೀಲ್ ಕೂಡ ನೆನೆದು ಒಣಗುತ್ತಿದ್ದರೆ ಮಾತ್ರ ರಕ್ಷಣಾ ಪದರ ಕಟ್ಟಿಕೊಳ್ಳುತ್ತದೆ. ಆಗುಂಬೆಯ ಮಳೆಗಾಲದಲ್ಲಿ ಅದು ಒಣಗುವುದು ಯಾವಾಗ, ಅಲ್ವಾ?

ವೆಲ್ಡಿಂಗ್‌ಗೂ ತೇವವೇ ಶತ್ರು. ತೇವ ಹಿಡಿದ ವೆಲ್ಡಿಂಗ್ ರಾಡಿನಿಂದ ಹೈಡ್ರೋಜನ್ ಒಳಗೆ ಸೇರಿ, ಬೆಸುಗೆ ಹಾಕಿ ಗಂಟೆಗಟ್ಟಲೆ ಆದ ಮೇಲೂ ಪಕ್ಕದಲ್ಲಿ ಬಿರುಕು ಬಿಡಬಹುದು. 7018 ಎಂಬ ನಮೂನೆಯ ವೆಲ್ಡಿಂಗ್ ರಾಡನ್ನು ಓವನ್‌ನಲ್ಲಿ 300 ಡಿಗ್ರಿಗೂ ಮೇಲೆ ಕಾಯಿಸಿ ಒಣಗಿಸಿ. ಇಎನ್19 ಆದರೆ ಕೆಲಸದ ತುಂಡನ್ನೂ 200-300 ಡಿಗ್ರಿಗೆ ಬಿಸಿ ಮಾಡಿಕೊಂಡು ವೆಲ್ಡ್ ಮಾಡಿ, ನಿಧಾನವಾಗಿ ಆರಲು ಬಿಡಿ.