ಸ್ಕ್ಯಾನ್ ಶುರುವಾಗುವ ಮೊದಲೇ ಸಿದ್ಧವಾಗಿದ್ದ ಫಲಿತಾಂಶ

ಕಚೇರಿ ಸಾಮಗ್ರಿ ಮಾರುವ ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಕಂಪ್ಯೂಟರ್ ತಪಾಸಣೆ ಇತ್ತು. ಸಿಬ್ಬಂದಿ ಮೊದಲು ನಾಲ್ಕು ಪ್ರಶ್ನೆ ಕೇಳುತ್ತಿದ್ದರು: ಪಾಪ್‌ಅಪ್ ಕಾಟ ಇದೆಯೇ, ಯಂತ್ರ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬಂದಿತ್ತೇ, ಆಗಾಗ ಕ್ರ್ಯಾಶ್ ಆಗುತ್ತದೆಯೇ. ಒಂದಕ್ಕೆ ಟಿಕ್ ಬಿದ್ದರೂ ಸಾಕು, ಕೊನೆಗೆ ‘ಮಾಲ್‌ವೇರ್ (ವೈರಸ್‌ನಂಥ ಹಾನಿಕಾರಕ ತಂತ್ರಾಂಶ) ಲಕ್ಷಣಗಳು ಕಂಡಿವೆ’ ಎಂದು ಬರುತ್ತಿತ್ತು. ನಡುವೆ ಪರದೆಯ ಮೇಲೆ ಓಡುತ್ತಿದ್ದ ಸ್ಕ್ಯಾನ್‌ಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. ಅದನ್ನು ತೋರಿಸಿ 300 ಡಾಲರ್‌ವರೆಗಿನ ದುರಸ್ತಿ ಮಾರಲಾಗುತ್ತಿತ್ತು. 2016ರಲ್ಲಿ ಸಿಯಾಟಲ್‌ನ ಟಿವಿ ವಾಹಿನಿಯೊಂದು ಹೊಚ್ಚ ಹೊಸ ಕಂಪ್ಯೂಟರ್‌ಗಳನ್ನು ಒಯ್ದಾಗಲೂ ಹಲವು ಮಳಿಗೆಗಳಲ್ಲಿ ಇದೇ ಉತ್ತರ ಸಿಕ್ಕಿತು. 2019ರ ಮಾರ್ಚ್‌ನಲ್ಲಿ ಆಫೀಸ್ ಡಿಪೋ 2.5 ಕೋಟಿ ಡಾಲರ್, ತಂತ್ರಾಂಶ ಪೂರೈಸಿದ ಸಪೋರ್ಟ್.ಕಾಮ್ 1 ಕೋಟಿ ಡಾಲರ್ ಕೊಡಲು ಒಪ್ಪಿ ಪ್ರಕರಣ ಮುಗಿಸಿದವು.

ಇಲ್ಲಿನ ಜಾಣತನ ಪ್ರಶ್ನೆಗಳಲ್ಲೇ ಇದೆ. ‘ನಿಧಾನ’ ಎನ್ನದೆ ಯಾರಾದರೂ ಕಂಪ್ಯೂಟರ್ ಹೊತ್ತು ಅಂಗಡಿಗೆ ಬರುತ್ತಾರೆಯೇ? ನಿಧಾನಕ್ಕೆ ಸಾಮಾನ್ಯ ಕಾರಣ ತಿರುಗುವ ಹಳೆಯ ಹಾರ್ಡ್ ಡಿಸ್ಕ್, ಕೆಲಸಕ್ಕೆ ಸಾಕಾಗದ ರ‍್ಯಾಮ್, ಇಲ್ಲವೇ ಯಂತ್ರ ಏಳುವಾಗಲೇ ತಾವೂ ಎದ್ದು ಕೂರುವ ಹತ್ತಾರು ಪ್ರೋಗ್ರಾಂಗಳು. ಆ ಡಿಸ್ಕ್ ತೆಗೆದು, ತಿರುಗುವ ಭಾಗವಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿದರೆ ಹಳೆಯ ಯಂತ್ರವೂ ಚುರುಕಾಗುತ್ತದೆ. ‘ವೈರಸ್ ತೆಗೆಯುವ’ ಪ್ಯಾಕೇಜ್‌ನಿಂದ ಡಿಸ್ಕ್‌ನ ವೇಗ ಬದಲಾಗದು.

ಫೋನಿನಲ್ಲಿ ‘ವಿಂಡೋಸ್ ಸಪೋರ್ಟ್’ ಎಂದು ಕರೆ ಮಾಡುವವರು ಇನ್ನೂ ಅಗ್ಗದ ಸಾಕ್ಷ್ಯ ಬಳಸುತ್ತಾರೆ. ಮೊದಲನೆಯದು ಈವೆಂಟ್ ವ್ಯೂವರ್, ಅಂದರೆ ಯಂತ್ರದ ಆಗುಹೋಗುಗಳ ದಿನಚರಿ. ತೆರೆದರೆ ಕೆಂಪು ‘ಎರರ್’, ಹಳದಿ ‘ವಾರ್ನಿಂಗ್’ ನೂರಾರು. ಯಾವುದೋ ಸೇವೆ ಸಕಾಲಕ್ಕೆ ಉತ್ತರಿಸದಿದ್ದರೂ ವಿಂಡೋಸ್ ಅಲ್ಲಿ ಬರೆದಿಡುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲೂ ಆ ಪಟ್ಟಿ ಖಾಲಿ ಇರುವುದಿಲ್ಲ. ಎರಡನೆಯದು, ಆದೇಶ ಟೈಪ್ ಮಾಡುವ ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಅಸೋಕ್’ (assoc) ಎಂಬ ಆದೇಶ. ಕೊನೆಯಲ್ಲಿ 888ಡಿಸಿಎ60 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ‘ಇದು ನಿಮ್ಮ ಯಂತ್ರದ ಗುರುತು, ನಮ್ಮ ಹತ್ತಿರವೂ ಇದೆ, ಹೋಲಿಸಿ ನೋಡಿ’ ಎನ್ನುತ್ತಾರೆ. ಅದು ಲೋಕದ ಎಲ್ಲ ವಿಂಡೋಸ್ ಯಂತ್ರಗಳಲ್ಲೂ ಅದೇ ಸಂಖ್ಯೆ. ಮೂರನೆಯದು, ಯಂತ್ರದ ಇಂಟರ್ನೆಟ್ ಸಂಪರ್ಕಗಳ ಪಟ್ಟಿ ತೋರಿಸುವ ಆದೇಶ ‘ನೆಟ್‌ಸ್ಟ್ಯಾಟ್’. ಅಲ್ಲಿ ‘ಫಾರಿನ್ ಅಡ್ರೆಸ್’ ಎಂಬ ಕಾಲಂ ಇದೆ, ಅದನ್ನೇ ವಿದೇಶಿ ಹ್ಯಾಕರ್‌ಗಳು ಎಂದು ಓದಿ ಹೇಳುತ್ತಾರೆ. ಸಾಮಾನ್ಯವಾಗಿ ನೀವು ತೆರೆದಿಟ್ಟ ವೆಬ್‌ಸೈಟ್, ಪ್ರೋಗ್ರಾಂಗಳ ಸರ್ವರ್ ವಿಳಾಸಗಳೇ ಅವು.

ಹಿರಿಯರು ಇಂಥ ವಂಚನೆಯಲ್ಲಿ ಹಣ ಕಳೆದುಕೊಂಡ ದೂರುಗಳು ಕಿರಿಯರಿಗಿಂತ ಹಲವು ಪಟ್ಟು ಹೆಚ್ಚು ಎಂದು ಅದೇ ಕಮಿಷನ್ ಹೇಳಿದೆ. ಅದಕ್ಕೆ ದಡ್ಡತನವೇ ಕಾರಣ ಎನ್ನುವುದು ಸರಿಯಲ್ಲ: ಕಣ್ಣಿಗೆ ಕಾಣುವ ಕೆಂಪು ಗುರುತು ನಿಜವಾದದ್ದೇ, ಅದರ ಅರ್ಥ ಮಾತ್ರ ಸುಳ್ಳು. ಈವೆಂಟ್ ವ್ಯೂವರನ್ನು ಜೀವಮಾನದಲ್ಲಿ ತೆರೆಯದ ಮೂವತ್ತರ ಯುವಕನೂ ಬೆಚ್ಚುತ್ತಾನೆ.

‘ವೈರಸ್ ಇದೆ’ ಎಂದವರನ್ನು ಕೇಳಬೇಕಾದದ್ದು ಇಷ್ಟು: ಯಾವ ಫೈಲ್, ಯಾವ ಫೋಲ್ಡರ್‌ನಲ್ಲಿ, ಏನು ಹೆಸರಿನ ವೈರಸ್? ನಿಜವಾದ ಸ್ಕ್ಯಾನರ್ ಮೂರನ್ನೂ ಹೇಳುತ್ತದೆ. ನೀವೇ ನೋಡಬೇಕೆಂದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸ್, ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಆಯ್ದುಕೊಳ್ಳಿ. ತೆರೆದ ಕೆಲಸಗಳನ್ನು ಮೊದಲು ಸೇವ್ ಮಾಡಿ. ಯಂತ್ರ ತಾನೇ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹುಡುಕುತ್ತದೆ. ಇದಕ್ಕೆ ಕಾಸು ಕೊಡಬೇಕಿಲ್ಲ.

ಪರದೆ ತುಂಬ ಎಚ್ಚರಿಕೆ ಬಂದು, ಸದ್ದು ಮಾಡುತ್ತ, ಫೋನ್ ನಂಬರ್ ತೋರಿಸಿದರೆ ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀಲಿಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ಮರಳಿ ತರಲೇ’ ಎಂದರೆ ಬೇಡ ಎನ್ನಿ, ಇಲ್ಲದಿದ್ದರೆ ಅದೇ ಪುಟ ಹಿಂದಿರುಗುತ್ತದೆ.

ದೂರದಿಂದಲೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಮೂಲಕ ವಂಚಕರನ್ನು ಆಗಲೇ ಒಳಗೆ ಬಿಟ್ಟಿದ್ದರೆ ಮೊದಲು ವೈಫೈ ಆಫ್ ಮಾಡಿ, ನಂತರ ಆ ಆ್ಯಪ್ ಕಿತ್ತುಹಾಕಿ. ಫೋನ್ ಇಟ್ಟುಬಿಟ್ಟರಷ್ಟೇ ಸಾಲದು: ಅವರು ಆ ಆ್ಯಪ್‌ನಲ್ಲಿ ಖಾಯಂ ಪಾಸ್‌ವರ್ಡ್ ಹಾಕಿಟ್ಟಿದ್ದರೆ ರಾತ್ರಿ ನೀವು ಮಲಗಿದ ಮೇಲೂ ಬರಬಹುದು. ಬ್ಯಾಂಕ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಭಾರತದಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೆಲವು ತಿಂಗಳ ಬಳಿಕ ‘ನಿಮ್ಮ ಹಣ ವಾಪಸ್ ಕೊಡುತ್ತೇವೆ’ ಎಂಬ ಕರೆ ಬಂದೀತು, ಅದೂ ವಂಚನೆಯೇ. ಒಮ್ಮೆ ಹಣ ಕೊಟ್ಟವರ ನಂಬರ್‌ಗಳು ವಂಚಕರ ಪೇಟೆಯಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತವೆ.