ಜೆಸಿಬಿ ಕರೆಸುವ ಮೊದಲು ಮಣ್ಣು ಪರೀಕ್ಷಿಸಿ

ಶಿರಸಿಯ ಹೊರವಲಯದ ಬಡಾವಣೆಯೊಂದರಲ್ಲಿ ಹಿತ್ತಿಲ ಮಣ್ಣು ನೋಡಲು ಹೋಗಿದ್ದೆ. ಸೈಟ್ ಆಗುವ ಮೊದಲು ಅಲ್ಲಿ ಗೊಬ್ಬರ, ಔಷಧಿ ದಾಸ್ತಾನಿಡುವ ಶೆಡ್ ಇತ್ತಂತೆ. ಒಂದು ಗೇಣು ಅಗೆದಾಗ, ಆಮೇಲೆ ತಂದು ಹರಡಿದ ಕೆಂಪು ಮಣ್ಣಿನಡಿ ಬೆರಳು ದಪ್ಪದ ಬೂದು ಪಟ್ಟೆ ಕಂಡಿತು. ಮುಗ್ಗಲು ವಾಸನೆ.

"ಇದು ಬಿಎಚ್‌ಸಿ ಪುಡಿ ಅಲ್ದಾ ಸರ್? ಇರುವೆಗೆ ಹಾಕ್ತಿದ್ರು" ಎಂದರು ಮನೆಯೊಡತಿ. ಮಗ ಮರುದಿನಕ್ಕೆ ಜೆಸಿಬಿ ಹೇಳಿಯಾಗಿತ್ತು. ಬೇಡ ಎಂದು ನಿಲ್ಲಿಸಿದೆ. ಒಂದು ಮೂಲೆಯಲ್ಲಿದ್ದ ವಿಷ ಜೆಸಿಬಿ ಬಾಯಲ್ಲಿ ಇಡೀ ಹಿತ್ತಿಲಿಗೆ ಹರಡುತ್ತದೆ, ಲಾರಿ ಹತ್ತಿದರೆ ಇನ್ನೊಬ್ಬರ ಗದ್ದೆಗೆ ಹೋಗುತ್ತದೆ.

ಬಿಎಚ್‌ಸಿ, ಅಂದರೆ ಬೆಂಜೀನ್ ಹೆಕ್ಸಾಕ್ಲೋರೈಡ್ ಎಂಬ ಹಳೇ ಕೀಟನಾಶಕ, ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಯಿತು. ಅದರಲ್ಲಿ ಕೀಟ ಕೊಲ್ಲುವ ಗಾಮಾ ಎಂಬ ರೂಪ ಶೇ. 10ರಿಂದ 15 ಮಾತ್ರ. ಉಳಿದದ್ದು ಕೆಲಸಕ್ಕೆ ಬಾರದಿದ್ದರೂ ವಿಷವೇ, ಅದರಲ್ಲೂ ಬೀಟಾ ಎಂಬ ರೂಪ ದಶಕಗಟ್ಟಲೆ ಮಣ್ಣು ಬಿಡುವುದಿಲ್ಲ. ನೀರಿನಲ್ಲಿ ಅಷ್ಟಾಗಿ ಕರಗದು, ಮಣ್ಣಿನ ಕಣಕ್ಕೆ ಅಂಟಿಕೊಂಡು ಮಳೆಗಾಲದ ಕೆಂಪು ನೀರಿನ ಜೊತೆ ಬಾವಿಯತ್ತ ಇಳಿಯುತ್ತದೆ.

ಹಳೇ ಅಡಿಕೆ ತೋಟದಲ್ಲಿ ಎದ್ದ ಬಡಾವಣೆಯ ಕಥೆ ಬೇರೆ. ಅಲ್ಲಿರುವುದು ತಾಮ್ರ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮರ ಹತ್ತುವ ಕೊನೆಗೌಡರು ಅಡಿಕೆಯ ಕೊಳೆರೋಗಕ್ಕೆಂದು ವರ್ಷವರ್ಷವೂ ಹೊಡೆಯುತ್ತ ಬಂದಿದ್ದಾರೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಆದರೆ ನಮ್ಮ ಹುಳಿ ಮಣ್ಣಿಗೆ ಸುಣ್ಣ, ಕಾಂಪೋಸ್ಟ್ ಕೊಟ್ಟರೆ ಅದು ಗಿಡಕ್ಕೆ ಸಿಗದಂತೆ ಕಟ್ಟಿಬೀಳುತ್ತದೆ. ಬಿಎಚ್‌ಸಿಗೂ ಇದೇ ಉಪಾಯ ಮಾಡುವವರಿದ್ದಾರೆ, ದಯವಿಟ್ಟು ಮಾಡಬೇಡಿ. ಸುಣ್ಣ ಅದರ ಒಂದಷ್ಟು ಭಾಗವನ್ನು ಟ್ರೈಕ್ಲೋರೋಬೆಂಜೀನ್ ಎಂಬ ಇನ್ನೊಂದು ವಿಷವಾಗಿಸುತ್ತದೆ, ಬೀಟಾ ಹಾಗೇ ಉಳಿಯುತ್ತದೆ.

ಅದಕ್ಕೇ ಮೊದಲು ಪರೀಕ್ಷೆ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರವಿದೆ, ಬಿಎಚ್‌ಸಿ ಇಲ್ಲ. ಚೀಟಿ ಚೆನ್ನಾಗಿದೆಯೆಂದು ನೆಮ್ಮದಿಯಾಗಬೇಡಿ, ಕೀಟನಾಶಕ ಶೇಷ ನೋಡುವ ಲ್ಯಾಬ್‌ಗೇ ಕಳಿಸಿ. ಹಿತ್ತಿಲನ್ನು ಚೌಕಗಳಾಗಿ ಗುರುತು ಹಾಕಿ, ಒಂದೊಂದರಿಂದಲೂ ಬೇರೆ ಬೇರೆಯಾಗಿ, ಪ್ಲಾಸ್ಟಿಕ್ ಕೊಟ್ಟೆಯ ಬದಲು ಗಾಜಿನ ಬಾಟಲಿಯಲ್ಲಿ ಮಣ್ಣು ತೆಗೆಯಬೇಕು.

ವರದಿ ಬರುವ ತನಕ ಆ ಜಾಗಕ್ಕೆ ತಾಡಪಾಲು ಹೊದಿಸಿ, ಮಕ್ಕಳನ್ನೂ ಕೋಳಿಗಳನ್ನೂ ದೂರವಿಡಿ. ಮಣ್ಣು ಕೆದಕುವ ಕೋಳಿಯ ಮೊಟ್ಟೆಗೆ ಈ ವಿಷ ಬೇಗ ಸೇರುತ್ತದೆ. ಸೌತೆ, ಕುಂಬಳದ ಜಾತಿಯ ಬಳ್ಳಿಗಳು ಇಂಥ ವಿಷವನ್ನು ಬೇರಿನಿಂದ ಎಳೆದುಕೊಳ್ಳುವುದರಲ್ಲಿ ಉಳಿದ ತರಕಾರಿಗಿಂತ ಮುಂದು. ಬಾವಿ ನೀರು ಕುದಿಸಿದರೆ ಸಾಲದು, ಪರೀಕ್ಷೆಯೇ ಆಗಬೇಕು.

ವಿಷ ಖಚಿತವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ. ಅಗೆದ ಮಣ್ಣು 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಬರಬಹುದು, ಹಳ್ಳಕ್ಕೆ ಸುರಿಯುವಂತಿಲ್ಲ. ಸುಡಲೂ ಕೂಡದು, ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ. ಅಗೆತವೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಲಿ, ಧೂಳು ಏಳದಂತೆ ನೀರು ಚಿಮುಕಿಸುತ್ತಿರಲಿ. ಗುಂಡಿಯ ತಳದ ಮಣ್ಣನ್ನೂ ಲ್ಯಾಬ್‌ಗೆ ಕಳಿಸಿ, ಆ ಎರಡನೇ ವರದಿ ಕೈಗೆ ಸಿಕ್ಕಿದ ಮೇಲೆಯೇ ಹೊಸ ಮಣ್ಣು ತುಂಬಿಸಿ.